ಎಲುಬಿಗೂ ಮೊಮ್ಮಕ್ಕಳಿದ್ದಾರೆ

ಚರಿತ್ರೆ ಅಂದರೆ ರಾಜರ ಪಟ್ಟಿ, ಯುದ್ಧಗಳ ಪಟ್ಟಿ ಅಂತ ಬಯ್ಯುವುದನ್ನು ನಮ್ಮ ಚಳವಳಿ ಮೊದಲಿಂದಲೂ ಮಾಡಿಕೊಂಡು ಬಂದಿದೆ. ಬಯ್ಯಬೇಕಾದ್ದೇ. ಆದರೆ ರಾಜರಿಗಿಂತ ಹಿಂದಿನ ಚರಿತ್ರೆಯೊಂದಿದೆ. ಅದರಲ್ಲಿ ಶಾಸನವಿಲ್ಲ, ಹೊಗಳುಭಟ್ಟರಿಲ್ಲ. ಇರೋದು ಕಲ್ಲು, ಬೂದಿ, ಮಡಕೆ ಚೂರು, ಮನುಷ್ಯರ ಎಲುಬು. ಇದನ್ನು ಅಗೆದು ಓದುವ ವಿದ್ಯೆಗೆ ಪ್ರಾಕ್ತನಶಾಸ್ತ್ರ, ಪುರಾತತ್ವ ಅಂತ ದೊಡ್ಡ ಹೆಸರುಗಳು. ಎಲುಬಿಗೆ ಜಾತಿಯಿಲ್ಲ, ಆದ್ದರಿಂದ ಈ ವಿದ್ಯೆಗೂ ಜಾತಿಯಿಲ್ಲ ಅಂತ ಪಾಠ ಹೇಳುವವರು ನಂಬಿಸುತ್ತಾರೆ. ಎಲುಬಿಗೆ ಜಾತಿ ಇಲ್ಲದೆ ಇರಬಹುದು. ಅಗೆಯುವವನಿಗೆ ಇದೆ. ಯಾರ ಗೋರಿ ಅಗೆಯಬಹುದು, ಯಾರದನ್ನು ಮುಟ್ಟಬಾರದು ಅಂತ ತೀರ್ಮಾನ ಮಾಡುವ ಸರ್ಕಾರಕ್ಕೂ ಇದೆ.

ಇದನ್ನು ಅಮೆರಿಕದ ಮೂಲನಿವಾಸಿಗಳ ಕತೆಯ ಮೂಲಕ ಹೇಳಬೇಕು. ದಾರಿ ತಪ್ಪಿ ಬಂದ ಕೊಲಂಬಸ್ ಇದೇ ಇಂಡಿಯಾ ಅಂದುಕೊಂಡ. ಅವನ ತಪ್ಪಿಗೆ ಆ ಜನ 'ಇಂಡಿಯನ್ನರು' ಆದರು, ನಮ್ಮ ಶಾಲೆಯ ಪುಸ್ತಕಗಳಲ್ಲಿ 'ಕೆಂಪು ಇಂಡಿಯನ್ನರು' ಆದರು. ಹೆಸರಿಡುವ ಹಕ್ಕು ಯಾವತ್ತೂ ಹೊರಗಿನವನದು ಅನ್ನೋದು ನಮ್ಮ ಕೇರಿಗಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅಮೆರಿಕವನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಅಲ್ಲಿ ಅಗೆಸಿಕೊಂಡ ಜನರೇ ಗುದ್ದಲಿ ಹಿಡಿದರು, ಪಾಠ ಬರೆದರು, ಪುರಾತತ್ವದ ವಿದ್ಯಾರ್ಥಿಗಳ ಮುಂದೆ ಮೇಷ್ಟರಾಗಿ ನಿಂತರು. ಆ ಜಗಳ ಇನ್ನೂ ಮುಗಿದಿಲ್ಲ. ಇನ್ನೊಂದು ಕಾರಣ ಬಾಬಾಸಾಹೇಬರು. ಅದಕ್ಕೆ ಮುಂದೆ ಬರುತ್ತೇನೆ.

1971ರಲ್ಲಿ ಅಯೋವಾ ರಾಜ್ಯದ ಗ್ಲೆನ್‌ವುಡ್ ಅನ್ನುವ ಊರ ಹತ್ತಿರ ರಸ್ತೆ ಮಾಡಲು ನೆಲ ಅಗೆದರು. ಹಳೆಯ ಸ್ಮಶಾನ ಸಿಕ್ಕಿತು. ಇಪ್ಪತ್ತಾರು ಬಿಳಿಯರ ಅಸ್ಥಿಗಳು ಬಂದವು. ಅವನ್ನು ಮರ್ಯಾದೆಯಿಂದ ಬೇರೆ ಕಡೆ ಮತ್ತೆ ಮಣ್ಣು ಮಾಡಿದರು. ಅಲ್ಲೇ ಒಬ್ಬ ಮೂಲನಿವಾಸಿ ಹೆಂಗಸಿನ ಎಲುಬು, ಜೊತೆಗೆ ಕೂಸಿನ ಎಲುಬು ಸಿಕ್ಕವು. ಅವನ್ನು ಪ್ರಯೋಗಾಲಯಕ್ಕೆ ಸಾಗಿಸಿದರು. ಒಂದೇ ಗುಂಡಿ, ಒಂದೇ ಮಣ್ಣು. ಬಿಳಿಯನದು ಹೆಣ, ಇವಳದು ಸ್ಯಾಂಪಲ್ಲು.

ಆ ಹೆದ್ದಾರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದವನು ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಆಕೆ ಯಾಂಕ್ಟನ್ ಬುಡಕಟ್ಟಿನ ಮಾರಿಯಾ ಪಿಯರ್ಸನ್. ಆಕೆ ತನ್ನ ಜನರ ಉಡುಗೆ ತೊಟ್ಟು ನೇರ ಗವರ್ನರ್ ರಾಬರ್ಟ್ ರೇ ಕಚೇರಿಗೆ ಹೋದಳು. ನಿಮಗೇನು ಬೇಕು ಅಂತ ಕೇಳಿದ್ದಕ್ಕೆ, ನಮ್ಮೋರ ಎಲುಬು ನಮಗೆ ಕೊಡಿ, ಇನ್ನುಮುಂದೆ ಅಗೆಯೋದು ನಿಲ್ಲಿಸಿ ಅಂದಳು. ಅರ್ಜಿಯಲ್ಲ, ಬೇಡಿಕೆ. 1976ರಲ್ಲಿ ಅಯೋವಾ ರಾಜ್ಯ ಮೂಲನಿವಾಸಿಗಳ ಗೋರಿಗಳಿಗೆ ರಕ್ಷಣೆ ಕೊಡುವ ಕಾನೂನು ಮಾಡಿತು. 1990ರ ನವೆಂಬರ್ 16ರಂದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಮ್ಯೂಸಿಯಂಗಳು, ವಿಶ್ವವಿದ್ಯಾಲಯಗಳು ತಮ್ಮಲ್ಲಿರುವ ಎಲುಬು, ಗೋರಿಯ ವಸ್ತು, ಪೂಜೆಯ ವಸ್ತುಗಳ ಪಟ್ಟಿ ಮಾಡಬೇಕು, ಸಂಬಂಧಪಟ್ಟ ಬುಡಕಟ್ಟುಗಳ ಜೊತೆ ಕೂತು ಮಾತಾಡಬೇಕು, ಕೇಳಿದರೆ ವಾಪಸು ಕೊಡಬೇಕು. ಹೆಣ ಹೂಳಲು ಜಾಗವಿಲ್ಲದೆ ರಸ್ತೆಯ ಮೇಲೇ ಹೆಣವಿಟ್ಟು ಕೂತ ಕೇರಿಗಳಿರುವ ನಾಡಿನವರಿಗೆ ಈ ಕಾನೂನಿನ ಬೆಲೆ ಗೊತ್ತಾಗುತ್ತದೆ.

ಇಷ್ಟೊಂದು ಎಲುಬು ಮ್ಯೂಸಿಯಂಗಳಿಗೆ ಹೇಗೆ ಬಂದವು? ಫಿಲಡೆಲ್ಫಿಯಾದ ಸ್ಯಾಮುಯೆಲ್ ಮಾರ್ಟನ್ ಅನ್ನುವ ಡಾಕ್ಟರು ತಲೆಬುರುಡೆಗಳನ್ನು ಕೂಡಿಹಾಕಿ, ಒಳಗೆ ಎಷ್ಟು ಜಾಗವಿದೆ ಅಂತ ಅಳೆದು, 1839ರಲ್ಲಿ ದೊಡ್ಡ ಪುಸ್ತಕ ಬರೆದ. ಬಿಳಿಯನ ತಲೆ ದೊಡ್ಡದು, ಉಳಿದವರದು ಸಣ್ಣದು ಅನ್ನೋದು ಅವನ ಸಿದ್ಧಾಂತ. 1860ರ ದಶಕದಲ್ಲಿ ಅಮೆರಿಕದ ಸೈನ್ಯದ ವೈದ್ಯಕೀಯ ಮುಖ್ಯಸ್ಥರ ಕಚೇರಿಯಿಂದ, ಮೂಲನಿವಾಸಿಗಳ ತಲೆಬುರುಡೆ ಸಂಗ್ರಹಿಸಿ ಕಳಿಸಿ ಅಂತ ಸೈನ್ಯದ ಡಾಕ್ಟರುಗಳಿಗೆ ಸೂಚನೆ ಹೋಯಿತು. ಯುದ್ಧಭೂಮಿಯಿಂದ, ಆಸ್ಪತ್ರೆಯಿಂದ, ಹೊಸ ಗೋರಿಗಳಿಂದ ರಾತ್ರಿ ಹೊತ್ತು ತಲೆ ಕಡಿದು ತಂದರು. 1980ರ ದಶಕದ ಕೊನೆಗೆ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಒಂದರಲ್ಲೇ ಸುಮಾರು 18,500 ಮೂಲನಿವಾಸಿಗಳ ಅವಶೇಷಗಳಿವೆ ಅನ್ನೋದು ಬಯಲಾಯಿತು. ಇದು ವಿಜ್ಞಾನವಾದರೆ ಕಳ್ಳತನ ಯಾವುದು?

ಬರೀ ತಲೆ ಅಳತೆಯಲ್ಲ, ನೆಲದ ಚರಿತ್ರೆಯನ್ನೂ ಕದ್ದರು. ಒಹಾಯೊ, ಮಿಸಿಸಿಪ್ಪಿ ನದಿಗಳ ಬಯಲಲ್ಲಿ ದೊಡ್ಡ ದೊಡ್ಡ ಮಣ್ಣಿನ ದಿಬ್ಬಗಳಿವೆ. ಸೇಂಟ್ ಲೂಯಿಸ್ ಪಟ್ಟಣದ ಹತ್ತಿರ ಕಹೋಕಿಯಾ ಅಂತ ಇದೆ. ಸುಮಾರು ಸಾವಿರ ವರ್ಷದ ಹಿಂದಿನ ಪಟ್ಟಣ. ಅಲ್ಲಿನ ಮುಖ್ಯ ದಿಬ್ಬ ಮೂವತ್ತು ಮೀಟರ್ ಎತ್ತರ. ಅಷ್ಟೂ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದ್ದು. ಬಿಳಿಯರು ಇದನ್ನೆಲ್ಲ ನೋಡಿದರು. ಇಂಥ ಕೆಲಸ ಈ 'ಕಾಡು ಜನ' ಮಾಡಿರಲು ಸಾಧ್ಯವಿಲ್ಲ, ಯಾವುದೋ ನಾಗರಿಕ ಜನಾಂಗ ಹಿಂದೆ ಇಲ್ಲಿತ್ತು, ಅದನ್ನು ಈ ಕಾಡುಜನ ಕೊಂದುಹಾಕಿದರು ಅಂದರು. ಯೆಹೂದ್ಯರ ಕಳೆದುಹೋದ ಕುಲ ಅಂದರು, ವೈಕಿಂಗರು ಅಂದರು, ಬಾಯಿಗೆ ಬಂದವರ ಹೆಸರನ್ನೆಲ್ಲ ಹೇಳಿದರು. ಕಣ್ಣೆದುರಿಗಿದ್ದವರ ಹೆಸರು ಮಾತ್ರ ಹೇಳಲಿಲ್ಲ.

ಇದು ಪಂಡಿತರ ಹುಚ್ಚು ಅಂತ ನಕ್ಕು ಬಿಡುವಂತಿಲ್ಲ. 1830ರ ಮೇ ತಿಂಗಳಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆಗೆ ಅಟ್ಟುವ ಕಾನೂನಿಗೆ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸಹಿ ಹಾಕಿದ. ಅದೇ ವರ್ಷ ಡಿಸೆಂಬರಿನಲ್ಲಿ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಈ ದಿಬ್ಬಗಳನ್ನೇ ಸಾಕ್ಷಿಗೆ ಕರೆದ. ಹಿಂದೆ ಬಲಶಾಲಿ ಜನಾಂಗವೊಂದು ಅಳಿದು ಇವರಿಗೆ ಜಾಗ ಬಿಟ್ಟಿತು, ಈಗ ಇವರು ಜಾಗ ಬಿಟ್ಟರೆ ಅಳುವುದೇನಿದೆ ಅನ್ನುವ ಧಾಟಿ. ಎಂಟು ವರ್ಷದ ನಂತರ ಚೆರೋಕೀ ಜನರನ್ನು ಬಂದೂಕಿನ ಮುಂದೆ ನಡೆಸಿಕೊಂಡು ಹೋದರು. ದಾರಿಯಲ್ಲಿ, ಶಿಬಿರಗಳಲ್ಲಿ ಸಾವಿರಾರು ಜನ ಸತ್ತರು. ದಿಬ್ಬಗಳನ್ನು ಕಟ್ಟಿದ್ದು ಈ ಜನರ ಹಿರಿಯರೇ ಅಂತ ಸೈರಸ್ ಥಾಮಸ್ ಸರ್ಕಾರಿ ವರದಿಯಲ್ಲಿ ಸಾಬೀತು ಮಾಡಿದ್ದು 1894ರಲ್ಲಿ. ಅಷ್ಟು ಹೊತ್ತಿಗೆ ನೆಲ ಕೈಬಿಟ್ಟು ಹೋಗಿತ್ತು. ವರದಿ ಬಂತು, ಜಮೀನು ಬರಲಿಲ್ಲ.

ಈಗ 1916. ಈ ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1911ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರ ಕಸಾಯಿಖಾನೆಯ ಹತ್ತಿರ ಹಸಿದು ಸೊರಗಿದ ಗಂಡಸೊಬ್ಬ ಕಾಣಿಸಿಕೊಂಡ. ಯಾಹಿ ಅನ್ನುವ ಪಂಗಡದವನು. ಚಿನ್ನ ಹುಡುಕಿಕೊಂಡು ಬಂದ ಬಿಳಿಯರು ಅವನ ಜನರನ್ನು ಬೇಟೆಯಾಡಿ ಮುಗಿಸಿದ್ದರು. ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಮ್ಮಿಗೆ ಕರೆತಂದರು. ಅವನು ತನ್ನ ಹೆಸರು ಹೇಳಲಿಲ್ಲ. ಇಶಿ ಅಂತ ಕರೆದರು. ಅವನ ಭಾಷೆಯಲ್ಲಿ 'ಮನುಷ್ಯ' ಅಂತ ಅರ್ಥ. ಮ್ಯೂಸಿಯಮ್ಮಿನಲ್ಲೇ ವಾಸ, ಅಲ್ಲೇ ಕಸ ಗುಡಿಸುವ ಸಹಾಯಕನ ಕೆಲಸ. ಭಾನುವಾರ ನೋಡಲು ಬಂದ ಜನಕ್ಕೆ ಬಾಣದ ಮೊನೆ ಮಾಡಿ ತೋರಿಸಬೇಕು. 'ಕೊನೆಯ ಕಾಡು ಇಂಡಿಯನ್' ಅಂತ ಪತ್ರಿಕೆಗಳು ಬರೆದವು. 1916ರ ಮಾರ್ಚ್ 25ರಂದು ಕ್ಷಯದಿಂದ ಸತ್ತ. ಹೆಣ ಕೊಯ್ಯಬೇಡಿ ಅಂತ ನ್ಯೂಯಾರ್ಕಿನಲ್ಲಿದ್ದ ಕ್ರೋಬರ್ ಕಾಗದ ಬರೆದರು. ಅಷ್ಟರಲ್ಲಿ ಕೊಯ್ದಾಗಿತ್ತು. ದೇಹವನ್ನು ಸುಟ್ಟರು, ಮಿದುಳನ್ನು ತೆಗೆದಿಟ್ಟುಕೊಂಡರು. ಮುಂದಿನ ವರ್ಷದ ಶುರುವಿನಲ್ಲಿ ಅದೇ ಕ್ರೋಬರ್ ಆ ಮಿದುಳನ್ನು ಸ್ಮಿತ್ಸೋನಿಯನ್ನಿನ ಅಲೆಶ್ ಹರ್ಡ್ಲಿಚ್ಕಾ ಅನ್ನುವವರಿಗೆ ಕಳಿಸಿಕೊಟ್ಟರು. ಗೆಳೆಯನಿಗಾಗಿ ಕಾಗದ ಬರೆದ ಕೈಯೇ ಗೆಳೆಯನ ಮಿದುಳನ್ನು ಪಾರ್ಸಲ್ ಮಾಡಿತು. ಒಳ್ಳೆಯ ಮನುಷ್ಯನೂ ಸಂಸ್ಥೆಯ ಒಳಗೆ ಕೂತಾಗ ಏನಾಗುತ್ತಾನೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಇಶಿ ಸತ್ತ ಆರು ವಾರಕ್ಕೆ, 1916ರ ಮೇ 9ರಂದು, ಅದೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಇಪ್ಪತ್ತೈದು ವರ್ಷದ ಮಹಾರ್ ಹುಡುಗ ಎದ್ದು ನಿಂತು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ. ಭೀಮರಾವ್ ಅಂಬೇಡ್ಕರ್. ಸೆಮಿನಾರ್ ನಡೆಸುತ್ತಿದ್ದ ಅಲೆಕ್ಸಾಂಡರ್ ಗೋಲ್ಡನ್‌ವೈಸರ್, ಅಲ್ಲಿನ ದೊಡ್ಡ ಗುರು ಫ್ರಾಂಜ್ ಬೋವಾಸರ ಶಿಷ್ಯ. ಕ್ರೋಬರ್ ಕೂಡ ಬೋವಾಸರ ಶಿಷ್ಯನೇ. ಜನಾಂಗ ದ್ವೇಷದ ವಿರುದ್ಧ ಜೀವನವಿಡೀ ಬರೆದ ಬೋವಾಸ್ ಕೂಡ 1888ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಮೂಲನಿವಾಸಿಗಳ ಗೋರಿಗಳಿಂದ ಬುರುಡೆ ಎತ್ತಿ ಮಾರಿದವರೇ. ಈ ಎರಡು ಘಟನೆಗಳಿಗೆ ಎಳೆದು ಸಂಬಂಧ ಕಟ್ಟುತ್ತಿಲ್ಲ. ಒಂದೇ ವಿದ್ಯೆ, ಒಂದೇ ಗುರುಮನೆ, ಒಂದೇ ವರ್ಷ. ಒಬ್ಬನ ಮಿದುಳು ಜಾಡಿಗೆ ಹೋಯಿತು. ಇನ್ನೊಬ್ಬನ ಮಿದುಳು ಆ ವಿದ್ಯೆಯನ್ನೇ ಪ್ರಶ್ನೆ ಕೇಳಿತು. ಜಾತಿಯ ಬಗ್ಗೆ ಅಲ್ಲಿಯವರೆಗೆ ಬರೆದಿದ್ದ ಯುರೋಪಿನ ಪಂಡಿತರನ್ನು, ನಮ್ಮ ದೇಶದ ಪಂಡಿತರನ್ನು ಒಬ್ಬೊಬ್ಬರನ್ನೇ ಎತ್ತಿಕೊಂಡು, ಜಾತಿಯ ಬೇರು ರಕ್ತದಲ್ಲಿಲ್ಲ, ಒಳಮದುವೆಯ ಕಟ್ಟಿನಲ್ಲಿದೆ ಅಂತ ಆ ಹುಡುಗ ತೋರಿಸಿದ.

ಇಲ್ಲೂ ಆಗ ಅಳತೆಯ ಹುಚ್ಚು ಹಬ್ಬಿತ್ತು. ಹರ್ಬರ್ಟ್ ರಿಸ್ಲಿ ಅನ್ನುವ ಬ್ರಿಟಿಷ್ ಅಧಿಕಾರಿ ಜನರ ಮೂಗು ಅಳೆದು, ಮೂಗು ಎಷ್ಟು ಅಗಲವೋ ಜಾತಿ ಅಷ್ಟು ಕೆಳಗೆ ಅಂತ ಸೂತ್ರ ಮಾಡಿದ. ಮದ್ರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಅಳತೆಯ ಕಡ್ಡಿ ಹಿಡಿದು ತಿರುಗಿ, 1909ರಲ್ಲಿ ದಕ್ಷಿಣದ ಜಾತಿಗಳ ಮೇಲೆ ಏಳು ಸಂಪುಟ ತಂದ. ಅದರಲ್ಲಿ ಹೊಲೆಯರಿದ್ದಾರೆ, ಮಾದಿಗರಿದ್ದಾರೆ. ಬರೆಸಿಕೊಂಡವರಾಗಿ ಇದ್ದಾರೆ, ಬರೆದವರಾಗಿ ಅಲ್ಲ. ಅಂಬೇಡ್ಕರ್ 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಪುಸ್ತಕ ಬರೆದಾಗ ಈ ಮೂಗಿನ ಲೆಕ್ಕವನ್ನೇ ತಿರುಗಿಸಿ ಹಿಡಿದರು. ಸರಿ, ನಿಮ್ಮ ಅಳತೆ ಶಾಸ್ತ್ರವೇ ಆದರೆ, ಅದೇ ಅಂಕಿಗಳ ಪ್ರಕಾರ ಬ್ರಾಹ್ಮಣ ಮತ್ತು ಅಸ್ಪೃಶ್ಯ ಒಂದೇ ಜನಾಂಗ, ಅಸ್ಪೃಶ್ಯತೆಗೆ ಜನಾಂಗ ಕಾರಣವಲ್ಲ ಅಂದರು. ಆ ಪುಸ್ತಕದ ಮುನ್ನುಡಿಯಲ್ಲಿ ಅವರು ತಮ್ಮ ಕೆಲಸವನ್ನು ಒಡೆದ ಕಲ್ಲುಗಳಿಂದ ಊರನ್ನು ಮತ್ತೆ ಕಟ್ಟಿ ನೋಡುವ ಪುರಾತತ್ವಜ್ಞನ ಕೆಲಸಕ್ಕೆ ಹೋಲಿಸಿಕೊಂಡಿದ್ದಾರೆ. ನಮ್ಮ ಪುರಾತತ್ವದ ತರಗತಿಗಳಲ್ಲಿ ಆ ಪುಸ್ತಕವನ್ನು ಒಂದು ಪಾಠವಾಗಿ ಇಟ್ಟು, ಬೇಕಾದರೆ ಒಂದೊಂದು ವಾದವನ್ನೂ ಪರೀಕ್ಷೆ ಮಾಡಿ ಓದಬಾರದೇ?

ಮತ್ತೆ ಹರ್ಡ್ಲಿಚ್ಕಾ. ಇಶಿಯ ಮಿದುಳು ಪಡೆದ ಈ ಮನುಷ್ಯ ಆಗಿನ ಅಮೆರಿಕದ ಎಲುಬುಶಾಸ್ತ್ರದ ಯಜಮಾನ. ಮೂಲನಿವಾಸಿಗಳು ಈ ಖಂಡಕ್ಕೆ ಬಂದು ಕೆಲವು ಸಾವಿರ ವರ್ಷ ಮಾತ್ರ ಆಗಿದೆ ಅನ್ನೋದು ಅವರ ಹಟ. ಹೆಚ್ಚು ಹಳೆಯ ಕಾಲ ಹೇಳಿದವರನ್ನು ಹೊಡೆದು ಕೂರಿಸುತ್ತಿದ್ದರು. ಅವರನ್ನು ಸೋಲಿಸಿದ್ದು ಒಬ್ಬ ದನಗಾಹಿ ಕಂಡ ಎಲುಬು. ಜಾರ್ಜ್ ಮೆಕ್‌ಜಂಕಿನ್. ಟೆಕ್ಸಾಸಿನಲ್ಲಿ ಗುಲಾಮನಾಗಿ ಹುಟ್ಟಿದ ಕರಿಯ. ಶಾಲೆ ಕಾಣದೆ ತಾನೇ ಓದು ಕಲಿತ. 1908ರ ಆಗಸ್ಟಿನಲ್ಲಿ ನ್ಯೂ ಮೆಕ್ಸಿಕೊದ ಫೋಲ್ಸಮ್ ಊರನ್ನು ಪ್ರವಾಹ ಕೊಚ್ಚಿತು. ನೀರಿಳಿದ ಮೇಲೆ ಹಳ್ಳದ ದಂಡೆಯಲ್ಲಿ ಆಳದಲ್ಲಿ ದೊಡ್ಡ ಎಲುಬುಗಳು ಕಂಡವು. ದನ ಕಾದವನಿಗೆ ದನದ ಎಲುಬು ಗೊತ್ತಿರುತ್ತದೆ. ಇದು ಈಗಿನ ಕಾಡೆಮ್ಮೆಯದಲ್ಲ, ಇಷ್ಟು ಆಳದಲ್ಲಿ ಇರಬೇಕಾದರೆ ಬಹಳ ಹಳೆಯದು ಅಂತ ಅವನು ಅರ್ಥ ಮಾಡಿಕೊಂಡ. ಸಿಕ್ಕಸಿಕ್ಕವರಿಗೆ ಹೇಳಿದ. ಯಾರೂ ಬರಲಿಲ್ಲ. 1922ರಲ್ಲಿ ಸತ್ತ. 1926ರಲ್ಲಿ ಡೆನ್ವರಿನ ಮ್ಯೂಸಿಯಂ ಅಗೆಯಿತು. 1927ರಲ್ಲಿ ಅಳಿದುಹೋದ ಆ ಕಾಡೆಮ್ಮೆಯ ಪಕ್ಕೆಲುಬುಗಳ ನಡುವೆಯೇ ಮನುಷ್ಯ ಮಾಡಿದ ಕಲ್ಲಿನ ಈಟಿಮೊನೆ ಸಿಕ್ಕಿತು. ಹಿಮಯುಗದ ಕೊನೆಯಲ್ಲೇ ಇಲ್ಲಿ ಜನರಿದ್ದರು ಅನ್ನೋದನ್ನು ಪಂಡಿತರು ಒಪ್ಪಲೇಬೇಕಾಯಿತು. ಪುಸ್ತಕಗಳಲ್ಲಿ ಫೋಲ್ಸಮ್ ಹೆಸರು ಬಂತು. ಮೆಕ್‌ಜಂಕಿನ್ ಹೆಸರು ಬರಲು ಇನ್ನೂ ಹಲವು ದಶಕ ಬೇಕಾಯಿತು.

ಮೂಲನಿವಾಸಿಗಳಲ್ಲಿ ಓದಿದವರೇ ಇರಲಿಲ್ಲವೇ? ಇದ್ದರು. ಸೆನೆಕಾ ಬುಡಕಟ್ಟಿನ ಆರ್ಥರ್ ಪಾರ್ಕರ್ 1935ರಲ್ಲಿ ಅಮೆರಿಕದ ಪುರಾತತ್ವ ಸಂಘದ ಮೊದಲ ಅಧ್ಯಕ್ಷರೇ ಆದರು. ಆದರೂ ಗೋರಿ ಅಗೆಯುವುದು ನಿಲ್ಲಲಿಲ್ಲ, ಪಾಠ ಬದಲಾಗಲಿಲ್ಲ. ಒಬ್ಬನನ್ನು ವೇದಿಕೆಯ ಮೇಲೆ ಕೂರಿಸಿದರೆ ವೇದಿಕೆ ಬದಲಾಗುವುದಿಲ್ಲ ಅನ್ನೋದು ನಮ್ಮ ಮೀಸಲು ಕ್ಷೇತ್ರದ ಶಾಸಕರನ್ನು ನೋಡಿದವರಿಗೆ ಹೊಸ ಮಾತಲ್ಲ. ಬದಲಾಗಿದ್ದು ಹೊರಗೆ ಗಲಾಟೆ ಎದ್ದಾಗ. 1969ರಲ್ಲಿ ಸ್ಟ್ಯಾಂಡಿಂಗ್ ರಾಕ್ ಸೂ ಜನರ ವೈನ್ ಡೆಲೋರಿಯಾ 'ಕಸ್ಟರ್ ಡೈಡ್ ಫಾರ್ ಯುವರ್ ಸಿನ್ಸ್' ಅನ್ನುವ ಪುಸ್ತಕ ಬರೆದು, ಬೇಸಿಗೆ ಬಂತೆಂದರೆ ನೋಟ್‌ಬುಕ್ ಹಿಡಿದು ತಮ್ಮ ಊರುಗಳಿಗೆ ಇಳಿಯುವ ಮಾನವಶಾಸ್ತ್ರಜ್ಞರನ್ನು ಒಂದು ಅಧ್ಯಾಯವಿಡೀ ಗೇಲಿ ಮಾಡಿದರು. ಆ ನಗೆಯ ಏಟು ಬಿದ್ದ ಮೇಲೆ ಆ ವಿದ್ಯೆ ಮೊದಲಿನ ಹಾಗೆ ಉಳಿಯಲಿಲ್ಲ. ನಮ್ಮಲ್ಲಿ 1973ರಲ್ಲಿ ಬಸವಲಿಂಗಪ್ಪನವರ 'ಬೂಸಾ' ಅನ್ನುವ ಒಂದೇ ಮಾತು ಮಾಡಿದ ಕೆಲಸ ನೆನಪಾಗುತ್ತದೆ.

1996ರ ಜುಲೈ 28ರಂದು ವಾಷಿಂಗ್ಟನ್ ರಾಜ್ಯದ ಕೆನವಿಕ್ ಪಟ್ಟಣದಲ್ಲಿ, ಕೊಲಂಬಿಯಾ ನದಿಯಲ್ಲಿ ದೋಣಿ ಪಂದ್ಯ ನೋಡಲು ಹೋದ ಇಬ್ಬರು ಹುಡುಗರ ಕಾಲಿಗೆ ತಲೆಬುರುಡೆ ಸಿಕ್ಕಿತು. ಜೇಮ್ಸ್ ಚಾಟರ್ಸ್ ಅನ್ನುವ ಪುರಾತತ್ವಜ್ಞ ಉಳಿದ ಎಲುಬುಗಳನ್ನೂ ಆಯ್ದು ಜೋಡಿಸಿದ. ಸೊಂಟದ ಎಲುಬಿನಲ್ಲಿ ಕಲ್ಲಿನ ಈಟಿಮೊನೆ ನಾಟಿಕೊಂಡು ಗಾಯ ಮಾಗಿತ್ತು. ಎಂಟೂವರೆ ಸಾವಿರ ವರ್ಷ ಹಳೆಯ ಮನುಷ್ಯ. ಆದರೆ ಮುಖ ನೋಡಿದರೆ ಬಿಳಿಯರ ಹಾಗಿದೆ ಅನ್ನುವ ಮಾತು ಹೊರಬಿತ್ತು. ಬಿತ್ತೋ ಇಲ್ಲವೋ, ಹಾಗಾದರೆ ಬಿಳಿಯರೇ ಇಲ್ಲಿ ಮೊದಲು ಬಂದವರು ಅನ್ನುವ ಹಳೆಯ ದಿಬ್ಬದ ಕತೆ ಮತ್ತೆ ಎದ್ದು ಕೂತಿತು. ಯುರೋಪಿನ ಹಳೆಯ ದೇವರುಗಳನ್ನು ಪೂಜಿಸುವ ಬಿಳಿಯರ ಗುಂಪೊಂದು ಇವನು ನಮ್ಮ ಪೂರ್ವಜ ಅಂತ ಕೋರ್ಟಿಗೂ ಹೋಯಿತು.

ಉಮಟಿಲಾ, ಯಾಕಾಮಾ, ನೆಜ್ ಪರ್ಸ್, ಕೋಲ್ವಿಲ್, ವಾನಾಪಮ್ ಜನ, ಇವನು ನಮ್ಮ ಹಿರಿಯ, ಮಣ್ಣು ಮಾಡುತ್ತೇವೆ, ಕೊಡಿ ಅಂದರು. 'ಪುರಾತನ ಹಿರಿಯ' ಅಂತಲೇ ಅವನನ್ನು ಕರೆದರು. ಎಂಟು ಜನ ವಿಜ್ಞಾನಿಗಳು ಕೊಡಬಾರದು ಅಂತ ದಾವಾ ಹೂಡಿದರು. ನೀವೇ ಸಂಬಂಧಿಕರು ಅನ್ನೋದಕ್ಕೆ ಪುರಾವೆ ಏನು ಅನ್ನೋದು ಪ್ರಶ್ನೆ. ನಮ್ಮ ಅಜ್ಜಂದಿರ ಕತೆಗಳು ನಾವು ಇಲ್ಲಿಯವರೇ ಅನ್ನುತ್ತವೆ ಅಂದರು ಬುಡಕಟ್ಟಿನವರು. ಬಾಯಿಮಾತು ಸಾಕ್ಷಿಯಾಗುವುದಿಲ್ಲ ಅಂತ ತೀರ್ಮಾನವಾಯಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯವೂ ವಿಜ್ಞಾನಿಗಳ ಪರ ತೀರ್ಪು ಕೊಟ್ಟಿತು. ಪಹಣಿ ಎಲ್ಲಿ, ಕಾಗದಪತ್ರ ಎಲ್ಲಿ ಅಂತ ತಾಲೂಕು ಕಚೇರಿಯಲ್ಲಿ ಕೇಳಿಸಿಕೊಂಡ ಯಾವ ಗೇಣಿದಾರನಿಗೂ ಈ ತೀರ್ಪಿನ ಭಾಷೆ ಅರ್ಥವಾಗುತ್ತದೆ. ವಿಜ್ಞಾನಿಗಳು ಎಲುಬನ್ನು ಅಳೆದು 2014ರಲ್ಲಿ ದಪ್ಪ ಪುಸ್ತಕ ತಂದರು. ಈ ಮನುಷ್ಯ ಕರಾವಳಿಯಿಂದ ಬಂದ ಹೊರಗಿನವನು, ಇಲ್ಲಿನ ಬುಡಕಟ್ಟುಗಳಿಗೆ ಸೇರಿದವನಲ್ಲ ಅನ್ನುವ ಕಡೆಗೇ ಅದರ ವಾಲು.

ಮರುವರ್ಷ, 2015ರಲ್ಲಿ, ಡೆನ್ಮಾರ್ಕಿನ ಎಸ್ಕೆ ವಿಲ್ಲರ್ಸ್‌ಲೆವ್ ತಂಡ ಎಲುಬಿನ ಚೂರಿನಿಂದ ಡಿಎನ್ಎ ತೆಗೆದು ಓದಿತು. ಕೋಲ್ವಿಲ್ ಜನ ಹೋಲಿಕೆಗಾಗಿ ತಮ್ಮ ಡಿಎನ್ಎ ಕೊಟ್ಟಿದ್ದರು. ಆ ಮನುಷ್ಯ ಅಮೆರಿಕದ ಮೂಲನಿವಾಸಿಯೇ, ಕೋಲ್ವಿಲ್ ಜನಕ್ಕೆ ಹತ್ತಿರದವನೇ ಅಂತ ಬಂತು. ಅಜ್ಜಂದಿರ ಕತೆ ನಿಜವಾಯಿತು, ಬುರುಡೆಯ ಅಳತೆ ಸುಳ್ಳಾಯಿತು. 2016ರ ಡಿಸೆಂಬರಿನಲ್ಲಿ ಅವನನ್ನು ಹಿಂತಿರುಗಿಸುವ ಕಾನೂನಾಯಿತು. 2017ರ ಫೆಬ್ರವರಿ 18ರಂದು ಇನ್ನೂರಕ್ಕೂ ಹೆಚ್ಚು ಜನ ಸೇರಿ, ಯಾರಿಗೂ ಜಾಗ ಹೇಳದೆ, ಮಣ್ಣು ಮಾಡಿದರು. ಇಪ್ಪತ್ತು ವರ್ಷ ಹಿಡಿಯಿತು.

ಇಶಿಗೆ ಇನ್ನೂ ಹೆಚ್ಚು ಹಿಡಿಯಿತು. ಅವನ ಮಿದುಳು ಎಲ್ಲಿ ಅಂತ ಓರೊವಿಲ್ ಕಡೆಯ ಮೂಲನಿವಾಸಿಗಳು ಪಟ್ಟು ಹಿಡಿದು ಹುಡುಕಿಸಿದ ಮೇಲೆ, 1999ರಲ್ಲಿ ಅದು ಸ್ಮಿತ್ಸೋನಿಯನ್ನಿನಲ್ಲಿ ಇದೆ ಅನ್ನೋದು ಹೊರಬಂತು. ಕೊನೆಯವನು ಅಂತ ಎಲ್ಲ ಪುಸ್ತಕಗಳೂ ಹೇಳಿದ್ದವಲ್ಲ, ಅವನಿಗೆ ವಾರಸುದಾರರು ಯಾರು? ಇದ್ದರು. ಯಾನಾ ಭಾಷೆಯ ಜನರ ಸಂತತಿ ರೆಡಿಂಗ್ ರಾಂಚೆರಿಯಾ, ಪಿಟ್ ರಿವರ್ ಪಂಗಡಗಳಲ್ಲಿ ಬದುಕಿತ್ತು. 2000ದಲ್ಲಿ ಅವರು ಅವನನ್ನು ಒಯ್ದು ಅವನ ನೆಲದಲ್ಲಿ ಹೂತರು. 2021ರ ಜನವರಿಯಲ್ಲಿ ಬರ್ಕ್‌ಲಿಯ ವಿಶ್ವವಿದ್ಯಾಲಯ ತನ್ನ ಮಾನವಶಾಸ್ತ್ರದ ಕಟ್ಟಡದಿಂದ ಕ್ರೋಬರ್ ಹೆಸರನ್ನು ತೆಗೆಯಿತು.

ಇನ್ನು ತರಗತಿಯ ವಿಚಾರ. ಮೂಲನಿವಾಸಿ ವಿದ್ವಾಂಸರ ಒಂದೆರಡು ಲೇಖನವನ್ನು ಪಠ್ಯದ ಕೊನೆಗೆ ಅಂಟಿಸಿದರೆ ಆಯಿತಲ್ಲ ಅನ್ನುವವರಿದ್ದಾರೆ. ಜಯಂತಿಗೆ ಹಾರ ಹಾಕಿದ ಹಾಗೆ. ವಿಷಯ ಅದಲ್ಲ. ಇದೆಷ್ಟು ಹಳೆಯದು, ಯಾವ ಕಲ್ಲಿನದು ಅಂತ ಕೇಳುವುದನ್ನು ಹಳೆಯ ತರಗತಿ ವಿದ್ಯಾರ್ಥಿಗೆ ಚೆನ್ನಾಗಿ ಕಲಿಸಿತು. ಆ ಕಲಿಕೆ ಬೇಕು. ಆದರೆ ಇದು ಯಾರದು, ಅವರನ್ನು ಕೇಳಿದಿರಾ, ಬರೆದ ವರದಿ ಅವರ ಕೈಗೆ ಹೋಗುತ್ತದಾ, ಅವರು ಬೇಡ ಅಂದರೆ ಗುದ್ದಲಿ ಕೆಳಗಿಡುತ್ತೀರಾ? ಇವನ್ನು ಕೇಳಲು ಕಲಿಸಿದ್ದು ಚೊಕ್ಟಾ ಜನರ ಜೋ ವಾಟ್ಕಿನ್ಸ್, ಅನಿಶಿನಾಬೆ ಜನರ ಸೋನ್ಯಾ ಅಟಾಲೆ ಅಂಥವರು. ವಾಟ್ಕಿನ್ಸ್ 2000ದಲ್ಲೇ 'ಇಂಡಿಜಿನಸ್ ಆರ್ಕಿಯಾಲಜಿ' ಬರೆದರು. 2019ರಲ್ಲಿ, ಪಾರ್ಕರ್ ಕೂತ ಅದೇ ಕುರ್ಚಿಗೆ ಬಂದರು. ನಡುವೆ ಎಂಬತ್ತನಾಲ್ಕು ವರ್ಷ. ಅಟಾಲೆಯ ಕೆಲಸ ನನಗೆ ಇನ್ನೂ ಹಿಡಿಸುತ್ತದೆ. ಟರ್ಕಿಯ ಚಾತಲ್‌ಹೊಯುಕ್ ಅನ್ನುವ ಜಗತ್ಪ್ರಸಿದ್ಧ ಪ್ರಾಚೀನ ನೆಲೆಯಲ್ಲಿ, ಪಕ್ಕದ ಹಳ್ಳಿಯ ರೈತರ ಮುಂದೆ ಕೂತು ನಿಮಗೆ ಏನು ತಿಳಿಯಬೇಕು ಅಂತ ಕೇಳಿದಳು. ಅವರಿಗಾಗಿ ಚಿತ್ರಕತೆ ಮಾಡಿಸಿದಳು. ಅಮೆರಿಕದಲ್ಲಿ ಎಲುಬು ಹಿಂತಿರುಗಿಸುವ ಕಾನೂನನ್ನೂ ಮಕ್ಕಳು ಓದುವ ಚಿತ್ರಕತೆ 'ಕಾಮಿಕ್ಸ್' ಮಾಡಿ ಹಂಚಿದಳು. ಅಗೆಯುವ ಕೂಲಿಗೆ ಊರಿನವರು, ಬರೆಯುವ ಕೆಲಸಕ್ಕೆ ಪಟ್ಟಣದವರು ಅನ್ನುವ ವಿಂಗಡಣೆಯನ್ನು ಮುರಿಯುವ ಕೆಲಸ ಇದು.

ಮೊಂಟಾನಾ ರಾಜ್ಯದಲ್ಲಿ ಇದು ಶಾಲೆಗೂ ಇಳಿದಿದೆ. ಮೂಲನಿವಾಸಿಗಳ ಪರಂಪರೆಯನ್ನು ಶಿಕ್ಷಣ ಗೌರವಿಸಬೇಕು ಅಂತ 1972ರಲ್ಲಿ ತನ್ನ ಸಂವಿಧಾನದಲ್ಲೇ ಬರೆದುಕೊಂಡ ರಾಜ್ಯ ಅದು. 1999ರಲ್ಲಿ ಎಲ್ಲ ಮಕ್ಕಳಿಗೂ, ಬಿಳಿಯರ ಮಕ್ಕಳಿಗೂ, ಈ ಪಾಠ ಕಡ್ಡಾಯ ಅನ್ನುವ ಕಾನೂನು ಬಂತು. ಅದೇ ರಾಜ್ಯದಲ್ಲಿ 1968ರಲ್ಲಿ ಹನ್ನೆರಡೂವರೆ ಸಾವಿರ ವರ್ಷಕ್ಕೂ ಹಳೆಯದಾದ ಪುಟ್ಟ ಗಂಡುಮಗುವಿನ ಎಲುಬು ಸಿಕ್ಕಿತ್ತು. ಅದರ ಡಿಎನ್ಎ ಓದಿದಾಗ ಕ್ರೋ ಜನಾಂಗದ ವಿದ್ವಾಂಸ ಶೇನ್ ಡಾಯ್ಲ್ ವಿಜ್ಞಾನಿಗಳನ್ನು ಕರೆದುಕೊಂಡು ಮೊಂಟಾನಾದ ಬುಡಕಟ್ಟುಗಳ ಹತ್ತಿರ ಹೋದರು, ಕೂರಿಸಿ ಮಾತಾಡಿಸಿದರು. 2014ರಲ್ಲಿ ಸಂಶೋಧನೆಯೂ ಪ್ರಕಟವಾಯಿತು, ಮಗುವನ್ನು ಮತ್ತೆ ಹೂಳುವುದೂ ಆಯಿತು. ಕೇಳಿದರೆ ವಿಜ್ಞಾನ ನಿಂತುಹೋಗುತ್ತದೆ ಅನ್ನೋದು ಬರೀ ಹೆದರಿಸುವ ಮಾತು ಅಂತ ಇದರಿಂದ ತಿಳಿಯುತ್ತದೆ.

ಇಲ್ಲಿ ಒಂದು ಕಡೆ ನಿಲ್ಲಬೇಕು. ಡೆಲೋರಿಯಾ 1995ರಲ್ಲಿ ಇನ್ನೊಂದು ಪುಸ್ತಕ ಬರೆದು, ನಮ್ಮ ಜನ ಏಷ್ಯಾದಿಂದ ಬಂದವರೇ ಅಲ್ಲ ಅಂದರು, ಡಾರ್ವಿನ್ನನ್ನೂ ತಳ್ಳಿಹಾಕಿದರು. ವೈಚಾರಿಕತೆಯನ್ನು ನಂಬಿದ ನಾವು ಇದನ್ನು ಒಪ್ಪಲಾರೆವು. ಪುರಾತನ ಹಿರಿಯನನ್ನು ಮನೆಗೆ ತಂದ ಅದೇ ಡಿಎನ್ಎ ಸೈಬೀರಿಯಾದ ಕಡೆಯ ಬೇರನ್ನೂ ತೋರಿಸುತ್ತದೆ. ಕ್ರೀ-ಮೇಟಿ ಜನರ ಪಾಲೆಟ್ ಸ್ಟೀವ್ಸ್ 2021ರ ತಮ್ಮ ಪುಸ್ತಕದಲ್ಲಿ, ಮನುಷ್ಯರು ಅಮೆರಿಕಕ್ಕೆ ಬಂದದ್ದು ಪುಸ್ತಕಗಳು ಹೇಳುವುದಕ್ಕಿಂತ ಬಹಳ ಹಿಂದೆ ಅಂತ ವಾದಿಸಿದರು. ಆಕೆಯ ಎಲ್ಲ ತಾರೀಖುಗಳನ್ನೂ ಉಳಿದವರು ಒಪ್ಪಿಲ್ಲ, ಒಪ್ಪಬೇಕು ಅಂತಲೂ ಇಲ್ಲ. ಆದರೆ ಅದೇ ವರ್ಷ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಸಿಕ್ಕ ಹೆಜ್ಜೆಗುರುತುಗಳಿಗೆ 21,000ದಿಂದ 23,000 ವರ್ಷ ಅಂತ ಲೆಕ್ಕ ಬಂತು. ಹೆಚ್ಚಿನವು ಮಕ್ಕಳ, ಹದಿಹರೆಯದವರ ಹೆಜ್ಜೆಗಳು. ಹದಿಮೂರು ಸಾವಿರ ವರ್ಷದ ಗೆರೆಯನ್ನು ದಾಟಬಾರದು ಅಂತ ದಶಕಗಳ ಕಾಲ ಕಾವಲು ಕೂತಿದ್ದ ಪಂಡಿತರ ನಡುವೆ ಆ ಮಕ್ಕಳು ನಡೆದುಹೋದರು. ವಿದ್ಯಾರ್ಥಿಗೆ ಸ್ಟೀವ್ಸ್‌ರನ್ನೂ ಓದಿಸಿ, ಆಕೆಯನ್ನು ಒಪ್ಪದವರನ್ನೂ ಓದಿಸಿ. ಒಪ್ಪದೆ ಓದುವುದೂ ಮರ್ಯಾದೆಯೇ. ಓದದೆ ಒಪ್ಪುವುದೇ ಅವಮಾನ.

ಇನ್ನೊಂದು ಎಚ್ಚರ ನಮ್ಮ ಮನೆಯದು. ವಸಾಹತುಶಾಹಿ ಬರೆದ ಚರಿತ್ರೆಯನ್ನು ಕಿತ್ತೆಸೆಯಿರಿ, ದೇಶೀ ದೃಷ್ಟಿ ತನ್ನಿ ಅನ್ನುವ ಕೂಗು ನಮ್ಮ ದೇಶದಲ್ಲಿ ಅಗ್ರಹಾರದಿಂದಲೂ ಕೇಳುತ್ತಿದೆ. ವೇದಕಾಲದಲ್ಲೇ ವಿಮಾನವಿತ್ತು ಅನ್ನೋದೂ ಅವರಿಗೆ ದೇಶೀ ಜ್ಞಾನ. ಮಾತು ಒಂದೇ ಥರ ಕೇಳಿಸಬಹುದು. ಯಾರ ಎಲುಬು ಮ್ಯೂಸಿಯಮ್ಮಿನ ಕಪಾಟಿನಲ್ಲಿತ್ತು, ಯಾರ ಮೂಗು ಅಳೆದರು, ಯಾರಿಗೆ ಅಕ್ಷರ ಕೊಡಲಿಲ್ಲ ಅಂತ ಕೇಳಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. 2016ರಲ್ಲಿ, ಇಶಿಯ ಅದೇ ಕ್ಯಾಲಿಫೋರ್ನಿಯಾದಲ್ಲಿ, ಶಾಲೆಯ ಚರಿತ್ರೆ ಪಾಠದ ಪರಿಷ್ಕರಣೆ ನಡೆದಾಗ, ಜಾತಿಯ ಪ್ರಸ್ತಾಪವನ್ನು, 'ದಲಿತ' ಅನ್ನುವ ಪದವನ್ನು ತೆಗೆಯಿರಿ, ನಮ್ಮ ಮಕ್ಕಳಿಗೆ ಅವಮಾನವಾಗುತ್ತದೆ ಅಂತ ಅರ್ಜಿ ಹಿಡಿದು ಹೋದದ್ದು ಅಲ್ಲಿನ ಹಿಂದೂ ಸಂಘಟನೆಗಳು. ಎದುರು ನಿಂತದ್ದು ಅಲ್ಲಿನ ದಲಿತರು ಮತ್ತು ಅವರ ಜೊತೆಗಾರರು.

ನಮ್ಮ ದೇಶದೊಳಗೇ ಈ ಹಾದಿ ಹಿಡಿದವರು ನಾಗಾ ಜನ. ಬ್ರಿಟಿಷ್ ಅಧಿಕಾರಿಗಳು ನಾಗಾ ಬೆಟ್ಟಗಳಿಂದ ಹೊತ್ತೊಯ್ದ ವಸ್ತುಗಳ ಅತಿ ದೊಡ್ಡ ಸಂಗ್ರಹ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಮ್ಮಿನಲ್ಲಿದೆ. 2020ರಲ್ಲಿ ಆ ಮ್ಯೂಸಿಯಂ ಮನುಷ್ಯರ ಅವಶೇಷಗಳನ್ನು ಪ್ರದರ್ಶನದಿಂದ ತೆಗೆಯಿತು. ನಾಗಾ ಮಾನವಶಾಸ್ತ್ರಜ್ಞರಾದ ಡಾಲಿ ಕಿಕೊನ್, ಆರ್ಕೊಟಾಂಗ್ ಲಾಂಗ್‌ಕುಮರ್ ಊರೂರು ತಿರುಗಿ ಹಿರಿಯರ ಜೊತೆ ಮಾತಾಡಿ, ಮಕ್ಕಳೂ ಓದುವ ಹಾಗೆ 2023ರಲ್ಲಿ ಚಿತ್ರಕಾದಂಬರಿಯೊಂದನ್ನು ತಂದರು. 2024ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಹರಾಜು ಕಂಪನಿಯೊಂದು ಹತ್ತೊಂಬತ್ತನೇ ಶತಮಾನದ ನಾಗಾ ತಲೆಬುರುಡೆಯನ್ನು ಮಾರಾಟಕ್ಕಿಟ್ಟಿತು. ನಾಗಾ ಜನ ಎದ್ದು ಕೂಗಿದ ಮೇಲೆ ಹಿಂತೆಗೆದುಕೊಂಡಿತು. 2025ರ ಜೂನಿನಲ್ಲಿ ನಾಗಾ ಹಿರಿಯರು, ವಿದ್ವಾಂಸರು ಆಕ್ಸ್‌ಫರ್ಡಿಗೇ ಹೋಗಿ ತಮ್ಮ ಹಿರಿಯರನ್ನು ಕೊಡಿ ಅಂತ ಕೇಳಿ ಬಂದರು. ನಾಗಾಲ್ಯಾಂಡಿನವರು ಈಗ ಬಹುಪಾಲು ಕ್ರೈಸ್ತರು. ಆ ಬುರುಡೆಗಳು ಯೇಸುವಿನ ಹೆಸರು ಆ ಬೆಟ್ಟಗಳಿಗೆ ಬರುವ ಮುಂಚಿನ ಜನರದು ಇರಬಹುದು, ಒಂದು ಊರಿನವರು ಇನ್ನೊಂದು ಊರಿನವರ ತಲೆ ಕಡಿದು ತಂದ ಕಾಲದ್ದೂ ಇರಬಹುದು. ಬಂದರೆ ಯಾವ ಊರಿಗೆ ಒಯ್ಯಬೇಕು, ಯಾವ ಶಾಸ್ತ್ರದಿಂದ ಮಣ್ಣು ಮಾಡಬೇಕು, ಯಾರು ಮೊದಲ ಹಿಡಿ ಮಣ್ಣು ಹಾಕಬೇಕು? ಪಾದ್ರಿಗಳು, ಊರ ಹಿರಿಯರು, ಓದಿದ ಹುಡುಗ ಹುಡುಗಿಯರು ಒಟ್ಟಿಗೆ ಕೂತು ಬಿಡಿಸಬೇಕಾದ ಪ್ರಶ್ನೆಗಳಿವು.